ಟಾಪ್ ಬಿಚ್ಚಿದ ಜೀಪು, ಎರಡು ನಾಯಿ: ಚಿಕ್ಕಬಳ್ಳಾಪುರದ ಒಂದು ಪ್ರಕರಣ

ಇದು ಚಿಕ್ಕಬಳ್ಳಾಪುರದ ಒಂದು ಕುಟುಂಬದ ಪ್ರಕರಣ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಮನೆಯವರ ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ, ನಾಯಿಗಳ ಹೆಸರೂ ನಿಜವಲ್ಲ. ಪಶುವೈದ್ಯನಾದ ನನ್ನ ಹತ್ತಿರ ಅವರು ಬಂದಿದ್ದು ನಾಯಿಯ ಕಣ್ಣು ತೋರಿಸಲು. ಆದರೆ ತೊಂದರೆ ಶುರುವಾಗಿದ್ದು ಗಾಡಿಯಲ್ಲಿ.

ಮನೆ, ಗಾಡಿ, ನಾಯಿಗಳು

ಯಜಮಾನರು ದ್ರಾಕ್ಷಿ ಬೆಳೆಗಾರರು. ಮನೆ ಪಟ್ಟಣದಲ್ಲಿ, ತೋಟ ಗೌರಿಬಿದನೂರು ರಸ್ತೆಯ ಕಡೆಯ ಒಂದು ಹಳ್ಳಿಯಲ್ಲಿ. ಗಾಡಿ, ಬಟ್ಟೆಯ ಟಾಪ್ ಇರುವ ಥಾರ್. ಕನ್ವರ್ಟಿಬಲ್ ಎಂದರೆ ಗುಂಡಿ ಒತ್ತಿದ ಕೂಡಲೇ ಟಾಪ್ ಮಡಚಿಕೊಳ್ಳುವ ಕಾರು ಎಂದು ನಾವು ಅಂದುಕೊಳ್ಳುತ್ತೇವೆ. ಅಂಥವು ಭಾನುವಾರ ಬೆಳಿಗ್ಗೆ ಬೆಂಗಳೂರಿನಿಂದ ನಂದಿ ಬೆಟ್ಟದ ಕಡೆ ಬರುತ್ತವೆ. ನಮ್ಮೂರಿನವರ ಕನ್ವರ್ಟಿಬಲ್ ಎಂದರೆ ಕೈಯಲ್ಲಿ ಟಾಪ್ ಬಿಚ್ಚುವ ಜೀಪೇ. ನಾಯಿಯ ಮಟ್ಟಿಗೆ ಎರಡೂ ಒಂದೇ ಬಿಡಿ. ತಲೆ ಮೇಲೆ ಛಾವಣಿ ಇಲ್ಲ, ಪಕ್ಕದಲ್ಲಿ ಎದೆಯ ಎತ್ತರಕ್ಕಷ್ಟೇ ಅಡ್ಡ, ಎರಡೇ ಬಾಗಿಲು.

ಭೀಮ ಗಂಡು ಲ್ಯಾಬ್ರಡಾರ್, 4 ವರ್ಷ, 34 ಕೆಜಿ. ಗುಂಡಮ್ಮ ಹೆಣ್ಣು ಪಗ್, 6 ವರ್ಷ, 9 ಕೆಜಿ. ಪಗ್‌ಗೆ 9 ಕೆಜಿ ಅಂದರೆ ತೂಕ ಜಾಸ್ತಿಯೇ. ವಾರದ ಕೊನೆಗೆ ತೋಟಕ್ಕೆ ಹೊರಟರೆ ಟಾಪ್ ಬಿಚ್ಚಿಯೇ ಹೋಗುವುದು ರೂಢಿ. ಗುಂಡಮ್ಮ ಮುಂದಿನ ಸೀಟಿನಲ್ಲಿ, ಮನೆಯೊಡತಿಯ ತೊಡೆಯ ಮೇಲೆ. ಭೀಮ ಹಿಂದಿನ ಸೀಟಿನ ಮೇಲೆ ನಿಂತು, ಮುಂಗಾಲು ಅಂಚಿನ ಮೇಲಿಟ್ಟು, ಕಿವಿ ಹಾರಿಸಿಕೊಂಡು. ಎರಡಕ್ಕೂ ಯಾವ ಕಟ್ಟೂ ಇಲ್ಲ. ದಾರಿಯಲ್ಲಿ ಜನ ಕೈ ಬೀಸುತ್ತಿದ್ದರು, ಮೊಬೈಲ್ ಎತ್ತಿ ಫೋಟೋ ತೆಗೆಯುತ್ತಿದ್ದರು. ಮನೆಯವರಿಗೂ ಅದರಲ್ಲಿ ಖುಷಿ ಇತ್ತು, ಇಲ್ಲ ಅನ್ನಲಾಗದು.

ಕಣ್ಣು

ಮಾರ್ಚ್‌ನಲ್ಲಿ ಒಂದು ದಿನ ಗುಂಡಮ್ಮನನ್ನು ಕರೆತಂದರು. ಬಲಗಣ್ಣು ಅರ್ಧ ಮುಚ್ಚಿತ್ತು, ನೀರು ಸುರಿಯುತ್ತಿತ್ತು, ಬೆಳಕು ಬಿಟ್ಟರೆ ಮುಖ ತಿರುಗಿಸುತ್ತಿತ್ತು. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ಹನಿಯನ್ನು ಆಗಲೇ ಹಾಕಿದ್ದರು. ಸೀಸೆ ನೋಡಿದೆ. ಅದರಲ್ಲಿ ಸ್ಟೀರಾಯ್ಡ್ ಇತ್ತು. ಕಣ್ಣಿನ ಕಪ್ಪು ಭಾಗದ ಮೇಲಿನ ಪಾರದರ್ಶಕ ಪೊರೆಯಲ್ಲಿ, ಅಂದರೆ ಕಾರ್ನಿಯಾದಲ್ಲಿ ಗಾಯ ಇದ್ದಾಗ ಸ್ಟೀರಾಯ್ಡ್ ಹನಿ ಹಾಕಿದರೆ ಗಾಯ ಮಾಯುವುದು ನಿಲ್ಲುತ್ತದೆ, ಇನ್ನೂ ಆಳಕ್ಕೂ ಇಳಿಯಬಹುದು. ಕೆಂಪಗಿದ್ದ ಕಣ್ಣು ಒಂದು ದಿನ ತಿಳಿಯಾದಂತೆ ಕಂಡು ಮನೆಯವರನ್ನು ಮೋಸ ಮಾಡುವುದೂ ಇದೇ ಹನಿ. ನಾಯಿಯ ಕಣ್ಣಿಗೆ ಮನೆಯಲ್ಲಿ ಉಳಿದ ಹನಿ ಹಾಕಬೇಡಿ ಎಂದು ನಾವು ಪದೇ ಪದೇ ಹೇಳುವುದು ಇದಕ್ಕೇ.

ಮರಗಟ್ಟಿಸುವ ಹನಿ ಬಿಟ್ಟು, ಕಣ್ಣಿನ ಒಳ ಮೂಲೆಯ ಮೂರನೇ ರೆಪ್ಪೆಯನ್ನು ನಿಧಾನವಾಗಿ ಎತ್ತಿದೆ. ಅದರ ಕೆಳಗೆ ಬೂದು ಬಣ್ಣದ ಒಂದು ಕಣ. ಸಲೈನಿನಿಂದ ತೊಳೆದಾಗ ಹತ್ತಿಯ ಮೇಲೆ ಬಂತು. ಬೆರಳಲ್ಲಿ ಉಜ್ಜಿದರೆ ಗರಗರ ಅನ್ನುವ ಕಲ್ಲಿನ ಪುಡಿ. ಆಮೇಲೆ ಫ್ಲೋರೆಸಿನ್ ಪಟ್ಟಿ ತಾಗಿಸಿ ತೊಳೆದೆ. ಈ ಬಣ್ಣ ಆರೋಗ್ಯವಾದ ಕಾರ್ನಿಯಾಗೆ ಅಂಟುವುದಿಲ್ಲ, ಮೇಲ್ಪದರ ಕಿತ್ತುಹೋದ ಜಾಗಕ್ಕೆ ಮಾತ್ರ ಹಿಡಿಯುತ್ತದೆ. ನೀಲಿ ಬೆಳಕು ಬಿಟ್ಟಾಗ ಕಣ್ಣಿನ ಕೆಳಭಾಗದಲ್ಲಿ ಸಾಸಿವೆ ಕಾಳಿನಷ್ಟು ಹಸಿರು ಚುಕ್ಕೆ ಹೊಳೆಯಿತು. ಮನೆಯೊಡತಿಗೂ ತೋರಿಸಿದೆ. ಕಣ್ಣಾರೆ ನೋಡಿದ ಮೇಲೆ ಮಾತು ಕಡಿಮೆ ಸಾಕಾಗುತ್ತದೆ.

ಸ್ಟೀರಾಯ್ಡ್ ನಿಲ್ಲಿಸಿದ್ದು, ಆಂಟಿಬಯಾಟಿಕ್ ಹನಿ, ನೋವಿನ ಔಷಧಿ, ಕಣ್ಣು ಕೆರೆದುಕೊಳ್ಳದಂತೆ ಕುತ್ತಿಗೆಗೆ ಪ್ಲಾಸ್ಟಿಕ್ ಕೋನ್. ಚಿಕಿತ್ಸೆಯಲ್ಲಿ ವಿಶೇಷ ಏನೂ ಇಲ್ಲ. ಕೇಳಬೇಕಾದ ಪ್ರಶ್ನೆ ಬೇರೆ ಇತ್ತು: ಮನೆಯೊಳಗೇ ಇರುವ ಪಗ್‌ನ ಕಣ್ಣಿಗೆ ಜಲ್ಲಿಪುಡಿ ಬಂದದ್ದು ಎಲ್ಲಿಂದ?

ಯಜಮಾನರು ಮೊಬೈಲ್ ತೆಗೆದು ವಿಡಿಯೋ ತೋರಿಸಿದರು. ಹೆಮ್ಮೆಯಿಂದಲೇ ತೋರಿಸಿದರು. ಮುಂದೆ ಒಂದು ಟಿಪ್ಪರ್, ಅದರ ಹಿಂದೆ ಪುಡಿಯ ಮೋಡ, ಆ ಮೋಡದಲ್ಲಿ ಕಣ್ಣು ಕಿರಿದು ಮಾಡಿ ಕೂತ ಗುಂಡಮ್ಮ. ನಮ್ಮ ಜಿಲ್ಲೆಯಲ್ಲಿ ಕ್ವಾರಿ, ಕ್ರಷರ್‌ಗಳಿಗೆ ಬರವೇ? ಸರಿಯಾಗಿ ಟಾರ್ಪಾಲ್ ಹೊದಿಸದ ಲೋಡ್ ಹಿಂದೆ ಬೈಕಿನಲ್ಲಿ ಹೋದವರಿಗೆ ಅದರ ರುಚಿ ಗೊತ್ತು. ಪಗ್‌ಗೆ ಮೂತಿ ಚಪ್ಪಟೆ, ಕಣ್ಣು ಉಬ್ಬಿ ಹೊರಗೆ. ಉದ್ದ ಮೂತಿಯ ನಾಯಿಗೆ ಮೂಗಿಗೆ ತಾಗುವುದು ಇದಕ್ಕೆ ನೇರ ಕಣ್ಣಿಗೇ ತಾಗುತ್ತದೆ.

ಆದರೆ ಆ ವಿಡಿಯೋದಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಪುಡಿಯಲ್ಲ. ಹಿಂದೆ ನಿಂತಿದ್ದ ಭೀಮ ಆಗಾಗ ಯಜಮಾನರ ಹೆಗಲ ಮೇಲಿಂದ ತಲೆ ತೂರಿಸುತ್ತಿದ್ದ. ಅವರು ಒಂದು ಕೈಯಲ್ಲಿ ಅದನ್ನು ಹಿಂದಕ್ಕೆ ತಳ್ಳಿ, ಇನ್ನೊಂದು ಕೈಯಲ್ಲಿ ಸ್ಟೀರಿಂಗ್ ಹಿಡಿದಿದ್ದರು. ಚಾಲಕನ ಹಿಡಿತಕ್ಕೆ ಅಡ್ಡಿಯಾಗುವಂತೆ ಯಾರನ್ನೂ, ಏನನ್ನೂ ಇರಿಸಿಕೊಳ್ಳಬಾರದು ಎಂದು 1988ರ ಮೋಟಾರು ವಾಹನ ಕಾಯ್ದೆಯ 125ನೇ ಸೆಕ್ಷನ್ ಹೇಳುತ್ತದೆ. ಗಾಡಿಯಲ್ಲಿ ಪ್ರಾಣಿಗೆ ಅನಗತ್ಯ ನೋವಾಗುವಂತೆ ಸಾಗಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ತಪ್ಪು. ಕಾನೂನು ಹೇಳಿದರೆ ಜನ ತಲೆಯಾಡಿಸಿ ಹೋಗುತ್ತಾರೆ. ಅದಕ್ಕೇ ಒಂದು ಲೆಕ್ಕ ಹೇಳಿದೆ. ಗಂಟೆಗೆ 40 ಕಿಮೀ ವೇಗದಲ್ಲಿ ಹೋಗುವ ಗಾಡಿ ಡಿಕ್ಕಿ ಹೊಡೆದು ನಿಂತರೆ, ಒಳಗೆ ಕಟ್ಟದೇ ಇರುವ ನಾಯಿ ಅದೇ 40ರ ವೇಗದಲ್ಲಿ ಮುಂದಕ್ಕೆ ಹೋಗುತ್ತದೆ. ಸುಮಾರು 6 ಮೀಟರ್ ಎತ್ತರದಿಂದ, ಅಂದರೆ ಎರಡನೇ ಅಂತಸ್ತಿನಿಂದ ಬಿದ್ದ ಹಾಗೆ. 60ರ ವೇಗದಲ್ಲಿ ಆ ಎತ್ತರ 14 ಮೀಟರ್. ಆಗ 34 ಕೆಜಿ ಭೀಮ ಬಂದು ಬೀಳುವುದು ಮುಂದೆ ಕೂತವರ ಕುತ್ತಿಗೆಯ ಮೇಲೆ. ತೊಡೆಯ ಮೇಲಿನ ಗುಂಡಮ್ಮನಿಗೆ ಮುಂದೆ ಏರ್‌ಬ್ಯಾಗ್, ಹಿಂದೆ ಮನೆಯೊಡತಿಯ ಮೈ. ಎರಡರ ನಡುವೆ ಅದು ಉಳಿಯುವುದಿಲ್ಲ.

ಆ ದಿನ ಅವರು ಒಪ್ಪಿದ್ದು ಎರಡೇ ಮಾತಿಗೆ. ಗುಂಡಮ್ಮ ಮುಂದಿನ ಸೀಟಿನಲ್ಲಿ ಕೂರುವುದಿಲ್ಲ. ಕಣ್ಣು ವಾಸಿಯಾಗುವ ತನಕ ಟಾಪ್ ತೆರೆದ ಗಾಡಿಯಲ್ಲಿ ಬರುವುದೇ ಇಲ್ಲ. ಭೀಮನಿಗೆ ಎದೆಗೆ ಹಾಕುವ ಹಾರ್ನೆಸ್ ತನ್ನಿ ಎಂದಿದ್ದಕ್ಕೆ 'ನೋಡೋಣ' ಅಂದರು.

ಮೊದಲ ಉಪಾಯಗಳು

ಮೊದಲು ಬಂದದ್ದು ನಾಯಿ ಕನ್ನಡಕ. ಆನ್‌ಲೈನಿನಲ್ಲಿ ತರಿಸಿದ್ದರು. ಭೀಮನಿಗೆ ಚೆನ್ನಾಗಿಯೇ ಕೂತಿತು. ನಾಲ್ಕಾರು ದಿನ ಮನೆಯಲ್ಲಿ ಬಿಸ್ಕತ್ತು ಕೊಟ್ಟು ಅಭ್ಯಾಸ ಮಾಡಿಸಿದ ಮೇಲೆ ಸುಮ್ನೆ ಹಾಕಿಸಿಕೊಳ್ಳುತ್ತಿದ್ದ. ಗುಂಡಮ್ಮನ ಮುಖಕ್ಕೆ ಮಾತ್ರ ಯಾವ ಅಳತೆಯದೂ ಕೂರಲಿಲ್ಲ. ಕನ್ನಡಕ ನಿಲ್ಲಲು ಮೂತಿ ಬೇಕು, ಪಗ್‌ಗೆ ಮೂತಿಯೇ ಇಲ್ಲವಲ್ಲ. ಜಾರಿದ ಕನ್ನಡಕದ ಅಂಚು ಕಣ್ಣಿಗೇ ಉಜ್ಜುತ್ತಿತ್ತು. ತೆಗೆಸಿದೆ.

ಎರಡನೆಯದು ಸರಪಳಿ. ಪಕ್ಕದ ಮನೆಯವರು ಯಾರೋ 'ಕಟ್ಟಿಬಿಡಿ, ಎಲ್ಲಿ ಹೋಗ್ತಾನೆ' ಅಂದರಂತೆ. ಯಜಮಾನರು ಭೀಮನ ಕುತ್ತಿಗೆ ಪಟ್ಟಿಗೆ ಮನೆಯ ಸರಪಳಿ ಸಿಕ್ಕಿಸಿ, ಇನ್ನೊಂದು ತುದಿಯನ್ನು ಗಾಡಿಯ ರೋಲ್ ಬಾರ್‌ಗೆ, ಅಂದರೆ ಸೀಟಿನ ಮೇಲೆ ಅಡ್ಡಲಾಗಿರುವ ಉಕ್ಕಿನ ಕಂಬಿಗೆ ಕಟ್ಟಿದರು. ಓಡಾಡಲಿ ಪಾಪ ಎಂದು ಉದ್ದವಾಗಿಯೇ ಬಿಟ್ಟಿದ್ದರು.

ಒಂದು ಹಳ್ಳಿಯ ಹಂಪ್ ಹತ್ತಿರ ಗಾಡಿ ನಿಧಾನವಾಯಿತು. ಅಲ್ಲಿನ ಬೀದಿ ನಾಯಿಗಳು ಬೊಗಳುತ್ತಾ ಬಂದವು. ಭೀಮ ಅಂಚಿನ ಮೇಲೆ ಕಾಲಿಟ್ಟು ಹಾರಿದ. ಸರಪಳಿ ಅವನನ್ನು ಹೊರಗೆ ಹೋಗಲು ಬಿಡುವಷ್ಟು ಉದ್ದ, ನೆಲದ ಮೇಲೆ ನಿಲ್ಲಲು ಬಿಡದಷ್ಟು ಗಿಡ್ಡ. ಹಿಂಗಾಲಿನ ಉಗುರು ಡಾಂಬರಿಗೆ ತಾಗುತ್ತಾ, ಮೈಯ ಭಾರವೆಲ್ಲ ಕುತ್ತಿಗೆಯ ಮೇಲೆ ಬಿದ್ದು, ಗಾಡಿಯ ಪಕ್ಕಕ್ಕೆ ನೇತಾಡಿದ. ಹಿಂದೆ ಕೂತಿದ್ದ ತೋಟದ ಹುಡುಗ ಎರಡೂ ಕೈಯಲ್ಲಿ ಎದೆ ಹಿಡಿದು ಮೇಲಕ್ಕೆ ಎತ್ತಿದ. ಅವನಿಲ್ಲದೆ ಹೋಗಿದ್ದರೆ ಈ ಬರಹ ಬೇರೆ ಥರ ಇರುತ್ತಿತ್ತು.

ನನ್ನ ಹತ್ತಿರ ಬಂದಾಗ ಭೀಮ ಬಾಲ ಅಲ್ಲಾಡಿಸುತ್ತಲೇ ಇದ್ದ. ಲ್ಯಾಬ್‌ಗಳೇ ಹಾಗೆ, ಅವುಗಳ ಬಾಲ ನಂಬಿ ರೋಗ ಅಳೆಯಬಾರದು. ಬೊಗಳಿದರೆ ದನಿ ಒಡೆದಿತ್ತು. ಕಣ್ಣಿನ ಬಿಳಿಯಲ್ಲಿ ರಕ್ತದ ಚುಕ್ಕೆಗಳಿದ್ದವು. ಕುತ್ತಿಗೆ ಸುತ್ತ ಊತ, ಹಿಂಗಾಲಿನ ಎರಡು ಉಗುರು ಸವೆದು ರಕ್ತ. 'ಚೆನ್ನಾಗೇ ಇದಾನಲ್ವಾ, ಮನೆಗೆ ಕರ್ಕೊಂಡು ಹೋಗ್ಲಾ' ಎಂದು ಕೇಳಿದರು. ಬೇಡ ಎಂದೆ. ಕುತ್ತಿಗೆ ಬಿಗಿದು ಉಸಿರು ಕಟ್ಟಿದ ನಾಯಿಗೆ ಆ ಹೊತ್ತಿಗೆ ಏನೂ ಆಗಿಲ್ಲ ಅನ್ನಿಸಿದರೂ ಕೆಲವು ಗಂಟೆ ಬಿಟ್ಟು ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಸಂಜೆ ತನಕ ಇರಿಸಿಕೊಂಡು ಉಸಿರು ಎಣಿಸಿದೆವು, ಒಸಡಿನ ಬಣ್ಣ ನೋಡಿದೆವು. ರಾತ್ರಿ ಮನೆಯಲ್ಲೂ ಎಣಿಸಲು ಹೇಳಿ ಕಳಿಸಿದೆ. ಮಲಗಿರುವಾಗ ನಿಮಿಷಕ್ಕೆ 30 ದಾಟಿದರೆ ಆ ಕ್ಷಣವೇ ಫೋನ್ ಮಾಡಬೇಕು. ದಾಟಲಿಲ್ಲ.

ಅಂಗಳದಲ್ಲಿ ಅಳತೆ

ಆಮೇಲೆ ಯಜಮಾನರೇ ಗಾಡಿ ತಂದು ಕ್ಲಿನಿಕ್ಕಿನ ಅಂಗಳದಲ್ಲಿ ನಿಲ್ಲಿಸಿದರು. ಇನ್ನು ನಾಯಿಯನ್ನು ಕರೆದುಕೊಂಡು ಹೋಗುವುದೇ ಬೇಡ ಎನ್ನುವಷ್ಟು ಹೆದರಿದ್ದರು. ನನಗೆ ಅದು ಸರಿ ಕಾಣಲಿಲ್ಲ. ತೋಟಕ್ಕೆ ಹೋಗಿ ಓಡಾಡುವುದು ಭೀಮನಿಗೆ ಬೇಕೇ ಬೇಕು. ಬದಲಿಸಬೇಕಾದದ್ದು ಕಟ್ಟುವ ಜಾಗ ಮತ್ತು ಪಟ್ಟಿಯ ಉದ್ದ.

ಅಗಲ ಎದೆಪಟ್ಟಿಯ, ಲೋಹದ ಕೊಂಡಿಯ ಹಾರ್ನೆಸ್ ತಂದಿದ್ದರು. ಪಟ್ಟಿಯ ಕೆಳಗೆ ಎರಡು ಬೆರಳು ಹೋಗುವಷ್ಟು ಬಿಗಿ ಮಾಡಿದೆವು. ಕೊಂಡಿ ಬೆನ್ನಿನ ಮೇಲೆ. ಕುತ್ತಿಗೆ ಪಟ್ಟಿ ಇರಬಹುದು, ಆದರೆ ಅದಕ್ಕೆ ಫೋನ್ ನಂಬರಿನ ಬಿಲ್ಲೆ ಬಿಟ್ಟು ಬೇರೇನೂ ಕಟ್ಟಬಾರದು. ಇನ್ನೊಂದು ತುದಿ ಎಲ್ಲಿಗೆ? ರೋಲ್ ಬಾರ್ ಮೇಲಿದೆ, ಅಲ್ಲಿಂದ ಕಟ್ಟಿದರೆ ನಾಯಿ ನೇತಾಡುತ್ತದೆ. ಕಟ್ಟು ಕೆಳಗೆ, ಸೀಟಿನ ಮಟ್ಟದಲ್ಲಿ ಇರಬೇಕು. ಮೊದಲು ಸೀಟ್ ಬೆಲ್ಟ್ ಬಕಲ್‌ಗೆ ಸಿಕ್ಕಿಸುವ ಪಟ್ಟಿ ಹಾಕಿ ನೋಡಿದೆವು. ಭೀಮ ತಿರುಗಿ ಕೂರುವಾಗ ಅವನ ಪಾದ ಕೆಂಪು ಗುಂಡಿಯ ಮೇಲೆ ಬಿತ್ತು. ಟಕ್ ಅಂತ ಬಿಚ್ಚಿಕೊಂಡಿತು. ಅಂಗಳದಲ್ಲಿ ಆಗಿದ್ದು ಒಳ್ಳೆಯದೇ ಆಯಿತು. ಅದನ್ನು ಬಿಟ್ಟು, ಮಕ್ಕಳ ಸೀಟು ಸಿಕ್ಕಿಸಲು ಕೊಟ್ಟಿರುವ ಲೋಹದ ಕೊಂಡಿಗಳಿಗೆ ಎಡಕ್ಕೊಂದು ಬಲಕ್ಕೊಂದು ಪಟ್ಟಿ ಕಟ್ಟಿದೆವು. ಒಂದೇ ಪಟ್ಟಿಯಾದರೆ ನಾಯಿ ಅದರ ಸುತ್ತ ತಿರುಗಿ ಒಂದು ಅಂಚಿಗೆ ಹೋಗುತ್ತದೆ. ಎರಡು ಪಟ್ಟಿ ನಡುವಿನಲ್ಲಿ ಇರಿಸುತ್ತವೆ.

ಉದ್ದ ಎಷ್ಟು ಎಂಬುದೇ ಇಡೀ ವಿಷಯ. ಅದಕ್ಕೆ ಟೇಪ್ ಬೇಕಾಗಲಿಲ್ಲ, ಬಿಸ್ಕತ್ತು ಸಾಕಾಯಿತು. ನಿಂತ ಗಾಡಿಯಲ್ಲಿ ಭೀಮನನ್ನು ಕಟ್ಟಿ, ಅಂಚಿನ ಹೊರಗೆ ಬಿಸ್ಕತ್ತು ಹಿಡಿದೆವು. ಮುಂಗಾಲು ಅಂಚಿಗೆ ತಾಗಿದರೆ ಪಟ್ಟಿ ಉದ್ದವಾಯಿತು ಅಂತ ಅರ್ಥ. ಬಿಗಿ ಮಾಡಿ ಮತ್ತೆ ಹಿಡಿದೆವು. ಬಲಗಡೆ, ಎಡಗಡೆ, ಹಿಂದೆ, ಆಮೇಲೆ ಎರಡು ಮುಂದಿನ ಸೀಟುಗಳ ನಡುವೆ. ಅವನು ಕೂರಬಹುದು, ಮಲಗಬಹುದು, ತಿರುಗಿ ಕೂರಬಹುದು, ಆದರೆ ಎದೆ ಅಂಚು ದಾಟುವುದಿಲ್ಲ, ಮೂಗು ಯಜಮಾನರ ಹೆಗಲಿಗೆ ತಾಗುವುದಿಲ್ಲ. ಅಲ್ಲಿಗೆ ನಿಲ್ಲಿಸಿದೆವು. ಭೀಮನಿಗೆ ಆ ದಿನ ಲಾಭವೋ ಲಾಭ.

ಇಳಿಸುವ ಕ್ರಮವೂ ಮುಖ್ಯ. ಮೊದಲು ಇಂಜಿನ್ ಆಫ್, ಆಮೇಲೆ ಹಾರ್ನೆಸ್‌ಗೆ ಕೈಯಲ್ಲಿ ಹಿಡಿಯುವ ಹಗ್ಗ, ಅದಾದ ಮೇಲೇ ಗಾಡಿಯ ಪಟ್ಟಿ ಬಿಚ್ಚುವುದು. ಜನ ಇದನ್ನು ಉಲ್ಟಾ ಮಾಡುತ್ತಾರೆ. ತೋಟದ ಗೇಟ್ ಕಂಡ ಕೂಡಲೇ ಬಿಚ್ಚಿಬಿಡುತ್ತಾರೆ, ನಾಯಿ ಹಾರುತ್ತದೆ. ಹೀಗೆ ಎತ್ತರದಿಂದ ಹಾರಿ ಹಾರಿ ಲ್ಯಾಬ್‌ಗಳ ಮುಂಗಾಲು, ಮೊಣಕೈ ಕೀಲು ಹಾಳಾಗಿರುವುದನ್ನು ಬೇಕಾದಷ್ಟು ನೋಡಿದ್ದೇನೆ.

ನಿಂತ ಗಾಡಿಯಲ್ಲಿ ಊಟ, ಇಂಜಿನ್ ಸದ್ದಿನಲ್ಲಿ ಊಟ, ಬೀದಿಯ ಒಂದು ಸುತ್ತು, ಹೀಗೆ ಅಭ್ಯಾಸ ಶುರುವಾಯಿತು. ಒಂದೇ ವಾರದಲ್ಲಿ ಭೀಮ ಒಂದು ಪಟ್ಟಿ ಕಡಿದು ಎರಡು ತುಂಡು ಮಾಡಿದ. ಹೊಸದರಲ್ಲಿ ಬಾಯಿಗೆ ಸಿಗುವ ಭಾಗಕ್ಕೆ ರಬ್ಬರ್ ಹೊದಿಸಿದ ಉಕ್ಕಿನ ಹುರಿ ಹಾಕಿಸಿದರು. ಕಪ್ಪು ಸೀಟು ಬಿಸಿಲಿಗೆ ಕಾದು ಅಂಗಾಲು ಸುಡುತ್ತಿದ್ದುದರಿಂದ ದಪ್ಪ ಜಮಖಾನ ಬಂತು, ಅದು ಜಾರದಂತೆ ಕೆಳಗೊಂದು ರಬ್ಬರ್ ಹಾಸು.

ಗುಂಡಮ್ಮನ ವಿಷಯದಲ್ಲಿ ಮನೆಯೊಳಗೆ ಜಗಳ

ಇಷ್ಟೊತ್ತಿಗೆ ಕಣ್ಣು ವಾಸಿಯಾಗಿತ್ತು. ಗಾಯವಿದ್ದ ಜಾಗದಲ್ಲಿ ಬೂದು ಕಲೆ ಉಳಿದಿತ್ತು, ನೋಟಕ್ಕೆ ತೊಂದರೆ ಇರಲಿಲ್ಲ. ಇನ್ನು ಮುಂದೆ ಗುಂಡಮ್ಮನಿಗೆ ಟಾಪ್ ತೆರೆದ ಸವಾರಿ ಬೇಡ ಎಂದೆ. ಮಗಳು ಒಪ್ಪಲಿಲ್ಲ. ಭೀಮನ ಥರವೇ ಚಿಕ್ಕ ಹಾರ್ನೆಸ್ ಹಾಕಿ ಪಕ್ಕದಲ್ಲೇ ಕಟ್ಟಿದರಾಯಿತು, ಬೆಳಿಗ್ಗೆ ಟಿಪ್ಪರ್ ಇಲ್ಲದ ಹೊತ್ತಿನಲ್ಲಿ ಹೋದರಾಯಿತು ಅಂದಳು. 'ಅದಕ್ಕೂ ಗಾಳಿ ಬೇಡ್ವಾ?' ಕೇಳಲು ನ್ಯಾಯವಾದ ಮಾತೇ. ಒಂದು ನಾಯಿಗೆ ಒಂದು ನ್ಯಾಯ, ಇನ್ನೊಂದಕ್ಕೆ ಇನ್ನೊಂದು ಎಂದರೆ ಮನೆಯಲ್ಲಿ ಯಾರಿಗೂ ಇಷ್ಟವಾಗುವುದಿಲ್ಲ.

ವಾದ ಮಾಡುವ ಬದಲು ಡಿಜಿಟಲ್ ಥರ್ಮಾಮೀಟರ್ ಕೊಟ್ಟು, ಗುದದ್ವಾರದಲ್ಲಿ ಜ್ವರ ನೋಡುವುದು ಹೇಗೆಂದು ತೋರಿಸಿಕೊಟ್ಟೆ. ಏಪ್ರಿಲ್‌ನ ಒಂದು ಬೆಳಿಗ್ಗೆ ಹತ್ತಿರದಲ್ಲೇ, ಮುದ್ದೇನಹಳ್ಳಿ ಕಡೆಗೆ ಹೋಗಿ ಬಂದರು. ಹೊರಡುವಾಗ ಗುಂಡಮ್ಮನ ಮೈ ಶಾಖ 101.4 ಡಿಗ್ರಿ ಫ್ಯಾರನ್‌ಹೀಟ್. ವಾಪಸ್ ಬಂದಾಗ 104.6. ಅದೇ ಸೀಟಿನಲ್ಲಿ ಕೂತಿದ್ದ ಭೀಮನದ್ದು 102.9. ಮಗಳೇ ಫೋನ್ ಮಾಡಿದಳು. 'ಡಾಕ್ಟ್ರೇ, ನನಗೆ ಚಳಿ ಆಗ್ತಿತ್ತು. ಇದಕ್ಕೆ ಹೇಗೆ ಇಷ್ಟು ಬಿಸಿ?'

ಪ್ರಕರಣ ತಿರುಗಿದ್ದು ಈ ಪ್ರಶ್ನೆಯಲ್ಲಿ. ತೆರೆದ ಗಾಡಿಯಲ್ಲಿ ನಮಗೆ ತಂಪು ಅನ್ನಿಸುವುದು ಗಾಳಿ ನಮ್ಮ ಬೆವರನ್ನು ಆರಿಸುವುದರಿಂದ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಅಂಗಾಲಿನಲ್ಲಿ ಸ್ವಲ್ಪ ಅಷ್ಟೇ. ಅದರ ಕೂಲರ್ ಇರುವುದು ಬಾಯಿ, ಮೂಗಿನ ಒಳಗೆ: ನಾಲಿಗೆ ಹೊರಹಾಕಿ ಏದುಸಿರು ಬಿಡುತ್ತಾ ಒಳಗಿನ ತೇವ ಆರಿಸಿಕೊಂಡು ತಣ್ಣಗಾಗಬೇಕು. ತುಪ್ಪಳದ ಮೇಲೆ ಗಾಳಿ ಬೀಸಿದರೆ ಸ್ವಲ್ಪ ತಂಪು ಸಿಗುತ್ತದೆ, ಆದರೆ ಬೆವರಿಲ್ಲದ ಮೈಗೆ ಅದು ಸಾಲುವುದಿಲ್ಲ, ನೆತ್ತಿಯ ಮೇಲೆ ನೇರ ಬಿಸಿಲು ಬೇರೆ. ಪಗ್‌ಗೆ ಮೂಗಿನ ಹೊಳ್ಳೆ ಕಿರಿದು, ಗಂಟಲಿನ ಮೆತ್ತನೆಯ ಅಂಗುಳ ಉದ್ದ, ತೂಕ ಜಾಸ್ತಿ. ತಣ್ಣಗಾಗಲು ಏದುಸಿರು ಬಿಟ್ಟಷ್ಟೂ ಆ ಕೆಲಸವೇ ಇನ್ನಷ್ಟು ಶಾಖ ಹುಟ್ಟಿಸುತ್ತದೆ. ನಾಯಿಯ ಸಹಜ ಶಾಖವೇ 101ರಿಂದ 102.5ರ ತನಕ ಇರುತ್ತದೆ, 106 ದಾಟಿದರೆ ಒಳಗಿನ ಅಂಗಗಳಿಗೆ ಪೆಟ್ಟು. ಗುಂಡಮ್ಮ ಅಲ್ಲಿಗೆ ದೂರವೇನೂ ಇರಲಿಲ್ಲ.

ಫೋನಿನಲ್ಲೇ ಹೇಳಿ ಮಾಡಿಸಿದೆ. ನೆರಳಿಗೆ ತಂದು, ನಲ್ಲಿ ನೀರಿನಲ್ಲಿ ಹೊಟ್ಟೆ, ತೊಡೆಸಂದು, ಪಾದ ಎಲ್ಲ ನೆನೆಸಿ, ಫ್ಯಾನ್ ಮುಂದೆ ನಿಲ್ಲಿಸುವುದು. ಒದ್ದೆ ಟವೆಲ್ ಹೊದಿಸಿ ಬಿಡಬಾರದು, ಅದು ಶಾಖವನ್ನು ಒಳಗೇ ಹಿಡಿದಿಡುತ್ತದೆ. 103ಕ್ಕೆ ಇಳಿದಾಗ ನೀರು ಹಾಕುವುದು ನಿಲ್ಲಿಸಿದರು. ಅಂದಿನಿಂದ ಗುಂಡಮ್ಮ ಬರುವ ದಿನ ಟಾಪ್ ಮುಚ್ಚಿರುತ್ತದೆ, ಏಸಿ ಹಾಕಿರುತ್ತಾರೆ. ಅದರ ಪುಟ್ಟ ಕ್ರೇಟನ್ನು, ಅಂದರೆ ನಾಯಿ ಕೂರುವ ಪೆಟ್ಟಿಗೆಯನ್ನು, ಹಿಂದಿನ ಸೀಟಿಗೆ ಅಲುಗಾಡದಂತೆ ಬಿಗಿದಿರುತ್ತಾರೆ. ತೂಕ ಇಳಿಸಲು ಊಟವನ್ನೂ ಅಳೆದು ಹಾಕತೊಡಗಿದರು. ಜಗಳ ಮುಗಿಸಿದ್ದು ನನ್ನ ಮಾತಲ್ಲ, ಆ ಥರ್ಮಾಮೀಟರ್.

ಆಮೇಲೆ

ಮಳೆಗಾಲದ ಹೊತ್ತಿಗೆ ಪದ್ಧತಿ ಗಟ್ಟಿಯಾಗಿತ್ತು. ಭೀಮ ಮಾತ್ರ ಬರುವ ದಿನ, ಬಿಸಿಲೇರುವ ಮೊದಲು, ಹಳ್ಳಿ ರಸ್ತೆಯಲ್ಲಿ, 40 ದಾಟದೆ ಹೋಗುವುದಾದರೆ ಟಾಪ್ ತೆರೆಯಬಹುದು. ಮುಂದೆ ಟಿಪ್ಪರ್ ಕಂಡರೆ ಪಕ್ಕಕ್ಕೆ ನಿಲ್ಲಿಸಿ ಅದನ್ನು ಮುಂದೆ ಹೋಗಲು ಬಿಡುತ್ತಾರೆ. ಹೊರಡುವ ಮೂರು ನಾಲ್ಕು ಗಂಟೆ ಮೊದಲೇ ಊಟ ಮುಗಿದಿರುತ್ತದೆ, ದಾರಿಯಲ್ಲಿ ಆಗುತ್ತಿದ್ದ ವಾಂತಿ ನಿಂತಿದೆ. ಟೀ ಕುಡಿಯಲು ಇಳಿದಾಗ ನಾಯಿಯನ್ನು ಗಾಡಿಯಲ್ಲಿ ಒಂಟಿಯಾಗಿ ಕಟ್ಟಿ ಹೋಗುವುದಿಲ್ಲ. ಟಾಪ್ ತೆರೆದಿದ್ದರೆ ಬಿಸಿಲು ಮತ್ತು ಕೀಟಲೆ ಮಾಡುವ ಜನ, ಮುಚ್ಚಿದ್ದರೆ ಒಳಗಿನ ಕಾವು. ಯಾರಾದರೊಬ್ಬರು ಜೊತೆಗಿರುತ್ತಾರೆ.

ಒಂದು ಬೆಳಿಗ್ಗೆ ಟೊಮೆಟೊ ಕ್ರೇಟ್ ತುಂಬಿದ ಟ್ರ್ಯಾಕ್ಟರ್ ಅಡ್ಡರಸ್ತೆಯಿಂದ ಧುತ್ತನೆ ಬಂತು. ಯಜಮಾನರು ಬ್ರೇಕ್ ತುಳಿದರು. ಭೀಮ ಮುಂದಕ್ಕೆ ಮುಗ್ಗರಿಸಿದ, ಎರಡೂ ಪಟ್ಟಿ ಬಿಗಿದವು, ಅಲ್ಲೇ ಕೂತ. ಪಕ್ಕದಲ್ಲಿ ಬೆಲ್ಟ್ ಹಾಕದೆ ಕೂತಿದ್ದ ಬಂಧುವೊಬ್ಬರ ಮೊಣಕಾಲು ಮುಂದಿನ ಸೀಟಿಗೆ ಬಡಿದು ಊದಿಕೊಂಡಿತು. ಭೀಮನ ಎದೆ, ಕುತ್ತಿಗೆ ತೋರಿಸಲು ಬಂದಾಗ ಅವರೂ ಕುಂಟುತ್ತಾ ಜೊತೆಗೆ ಬಂದಿದ್ದರು. ಭೀಮನಿಗೆ ಗೀರೂ ಇರಲಿಲ್ಲ. ಬಂಧುವನ್ನು ಮನುಷ್ಯರ ಡಾಕ್ಟರ ಹತ್ತಿರ ಕಳಿಸಿದೆ.

ಬಗೆಹರಿಯದ ಒಂದು ವಿಷಯ ಉಳಿಯಿತು. ಹಾರ್ನೆಸ್ ನಾಯಿಯನ್ನು ಗಾಡಿಯೊಳಗೆ ಇರಿಸುತ್ತದೆ, ನಿಜ. ಆದರೆ ಗಾಡಿ ಪಲ್ಟಿಯಾದರೆ ಬಟ್ಟೆಯ ಟಾಪ್ ಇದ್ದರೂ ಇಲ್ಲದಿದ್ದರೂ ಒಂದೇ. ಭೀಮನ ಗಾತ್ರದ ಗಟ್ಟಿ ಕ್ರೇಟ್ ಆ ಹಿಂದಿನ ಸೀಟಿನಲ್ಲಿ ಕೂರುವುದೂ ಇಲ್ಲ. ಅನಂತಪುರದ ಮದುವೆಗೆ ನಾಯಿಗಳನ್ನೂ ಕರೆದುಕೊಂಡು ಹೋಗುತ್ತೇವೆ, ಹೈವೇಯಲ್ಲಿ ಎಷ್ಟು ಸ್ಪೀಡ್ ಹೋಗಬಹುದು ಎಂದು ಯಜಮಾನರು ಕೇಳಿದರು. 44ನೇ ಹೆದ್ದಾರಿಗೆ ಈ ಗಾಡಿಯೇ ಬೇಡ ಎಂದೆ. ಮನೆಯಲ್ಲಿ ತಗಡಿನ ಛಾವಣಿಯ ಹಳೆಯ ಕಾರೊಂದು ಇತ್ತು. ಅದರ ಹಿಂದಿನ ಸೀಟಿನಲ್ಲಿ ಎಡಕ್ಕೆ ಭೀಮನ ಹಾರ್ನೆಸ್, ಬಲಕ್ಕೆ ಗುಂಡಮ್ಮನ ಕ್ರೇಟ್ ಕಟ್ಟಿಕೊಂಡು ಹೋದರು. ಹೊರಡುವ ಹಿಂದಿನ ದಿನ ಎರಡಕ್ಕೂ ಅಂಗಳದಲ್ಲಿ ಮತ್ತೆ ಬಿಸ್ಕತ್ತಿನ ಅಳತೆ ಆಯಿತು.